ಜೌಗಿಗೆ ಒಂದು ಹಿಡಿ ಯೂರಿಯಾ

ಸಾಣಾಪುರದ ವಿರೂಪಾಕ್ಷಮ್ಮನಿಗೆ ಯಾರಾದರೂ ಸೊರಗಿದಂತೆ ಕಂಡರೆ ಸಾಕು, ಕೈ ಸುಮ್ಮನಿರುವುದಿಲ್ಲ. ಕರೆಂಟು ಬಿಲ್ಲು ಕೊಡಲು ಬಂದವನೂ ಅವಳ ಮನೆಯಲ್ಲಿ ರೊಟ್ಟಿ ತಿಂದೇ ಹೋಗಬೇಕು. ಬೇಡವೆಂದವನಿಗೆ ಇನ್ನೊಂದು ಹೆಚ್ಚು. ಈ ಗುಣವನ್ನು ಊರೆಲ್ಲ ಹೊಗಳುತ್ತದೆ. ಅದೇ ಗುಣ ಒಂದು ಜೌಗನ್ನು ಕೊಂದೇಬಿಡುವುದರಲ್ಲಿತ್ತು.

ಜೌಗು ಇರುವುದು ಅವಳ ಭತ್ತದ ಗದ್ದೆಯ ಮೇಲುಗಡೆ, ಹಾಸುಬಂಡೆಯ ಮಗ್ಗುಲಲ್ಲಿ. ಮಳೆಗಾಲದಲ್ಲಿ ಬಂಡೆಯ ಸಂದಿನಿಂದ ನೀರು ಜಿನುಗಿ ತೆಳ್ಳಗಿನ ಮರಳಿನ ಮೇಲೆ ಹರಡುತ್ತದೆ. ಅಲ್ಲಿ ಹೆಬ್ಬೆರಳಿಗಿಂತ ಚಿಕ್ಕ ಕೆಂಪು ಗಿಡಗಳು ಹುಟ್ಟುತ್ತವೆ. ಎಲೆಯ ತುಂಬ ಕೂದಲು, ಕೂದಲ ತುದಿಗೆ ಅಂಟಿನ ಹನಿ. ಹೈಸ್ಕೂಲಿನ ವಿಜ್ಞಾನದ ಟೀಚರ್ ನಾಹೀದಾ ಪ್ರತಿ ವರ್ಷ ಮಕ್ಕಳನ್ನು ಕರೆತಂದು ತೋರಿಸುತ್ತಾಳೆ: ಸೊಳ್ಳೆ ಬಂದು ಕೂತಿತು, ಅಂಟಿಕೊಂಡಿತು, ಗಿಡ ಅದನ್ನು ಜೀರ್ಣಿಸಿಕೊಂಡಿತು. ಕೆರೆಯ ಆಚೆ ಇಂಥದೇ ಇನ್ನೊಂದು ಜೌಗಿತ್ತು. ಅಲ್ಲೀಗ ಪ್ರವಾಸಿಗಳ ಕಾರು ನಿಲ್ಲುತ್ತವೆ. ನಾಹೀದಾಳಿಗೆ ಉಳಿದಿದ್ದು ಇದೊಂದೇ.

ಒಂದು ಮಳೆಗಾಲ ಅವಳಿಗೆ ಕಾಮಾಲೆ ಆಯಿತು. ಕೊಪ್ಪಳದ ತವರಿಗೆ ಹೊರಟಾಗ ಹೇಳಿದಳು, "ದೊಡ್ಡವ್ವ, ನಾ ಬರೂತನಕ ನನ್ನ ಗಿಡ ಸ್ವಲ್ಪ ನೋಡ್ಕೊರಿ."

"ನೀ ಆರಾಮಾಗಿ ಬಾ ನನ್ನವ್ವಾ. ಮಕ್ಕಳಂಗ ನೋಡ್ಕೊತೀನಿ."

ವಿರೂಪಾಕ್ಷಮ್ಮ ಆಡು ನುಗ್ಗದಂತೆ ಮುಳ್ಳು ಕಡಿದು ಹಾಕಿದಳು. ದಿನಾ ಹೋಗಿ ನೋಡಿದಳು. ನೋಡಿದಷ್ಟೂ ಸಂಕಟ. ತನ್ನ ಗದ್ದೆಯಲ್ಲಿ ಭತ್ತ ಮೊಣಕಾಲು ದಾಟಿದೆ, ಇವು ಮಾತ್ರ ಹುಟ್ಟಿದಷ್ಟೇ ಇವೆ. ಮೇಲಾಗಿ ಮೈಯೆಲ್ಲ ಕೆಂಪು. ಕಾಲುವೆ ನೀರಿನ ಸೀಮೆಯಲ್ಲಿ ಪೈರಿನ ಬಣ್ಣ ಕೆಟ್ಟರೆ ಯಾರೂ ಯೋಚಿಸುತ್ತ ಕೂರುವುದಿಲ್ಲ, ಗೊಬ್ಬರದ ಚೀಲ ಬಿಚ್ಚುತ್ತಾರೆ. ಗದ್ದೆಗೆ ಯೂರಿಯಾ ಎರಚಿದ ದಿನ ಬುಟ್ಟಿಯ ತಳದಲ್ಲಿ ಉಳಿದಿದ್ದನ್ನು ಅವಳು ಜೌಗಿಗೂ ಎರಚಿದಳು. "ತಿನ್ರಿ, ಟೀಚರ್ ಬರೋದ್ರಾಗ ಮೈ ತುಂಬ್ಕೊರಿ," ಎಂದು ಗಿಡಗಳಿಗೆ ಹೇಳಿದಳು ಕೂಡ.

ಮೈ ತುಂಬಿಕೊಂಡದ್ದು ಹುಲ್ಲು. ಮೊದಲು ನೀರಿನ ಮೇಲೆ ಪಾಚಿ ಕಟ್ಟಿತು, ಆಮೇಲೆ ಬದುವಿನ ಹುಲ್ಲೆಲ್ಲ ಮೇಲೆ ಹತ್ತಿ ಬಂತು. ಕೆಂಪು ಗಿಡಗಳು ಕೆಲವು ಸುಟ್ಟಂತೆ ಕಪ್ಪಾದವು, ಉಳಿದವು ಹುಲ್ಲಿನ ನೆರಳಲ್ಲಿ ಕೊಳೆತವು. ಊರಿಗೆಲ್ಲ ಉಣಿಸುವವಳಿಗೆ ಅನ್ನ ಸೇರದಾಯಿತು. ನಾಹೀದಾ ಫೋನಿನಲ್ಲಿ ಗಿಡದ ಸುದ್ದಿ ಕೇಳಿದಾಗಲೆಲ್ಲ, "ಮೊದಲ ನಿನ್ನ ಮೈ ನೋಡ್ಕೊ," ಎಂದು ಮಾತು ತೇಲಿಸಿದಳು.

ನಾಹೀದಾ ಕಡ್ಡಿಯಾಗಿ ಹಿಂದಿರುಗಿದಳು. ವಿರೂಪಾಕ್ಷಮ್ಮ ಅವಳಿಗೆ ಒಂದು ಲೋಟ ನೀರೂ ಕೊಡದೆ, ನಿಂತ ಕಾಲಲ್ಲೇ ಜೌಗಿಗೆ ಕರೆದೊಯ್ದಳು.

"ನಾನ ಕೊಂದೀನಿ. ಹಸಿದಾವ ಅಂತ ಯೂರಿಯಾ ಹಾಕಿದೆ."

ನಾಹೀದಾ ಬಂಡೆಯ ಮೇಲೆ ಕೂತಳು. ಸಿಟ್ಟು ಬಂತು, ಬರದೆ ಇರುತ್ತದೆಯೇ? ಆದರೆ ಎದುರಿಗೆ ಸೆರಗು ಹಿಂಡುತ್ತ ನಿಂತವಳ ಮುಖ ನೋಡಿ ಅವಳಿಗೆ ಬಯ್ಯಲು ಮನಸ್ಸಾಗಲಿಲ್ಲ.

"ಇವು ಹಸಿದಿದ್ದಿಲ್ಲ ದೊಡ್ಡವ್ವ. ಈ ಉಸುಕಿನಾಗ ಸತ್ವ ಕಡಿಮಿ, ಇದ್ದದ್ದನ್ನೂ ಮಳಿ ತೊಳಕೊಂಡು ಹೋಗತೈತಿ. ಅದಕ್ಕ ಬ್ಯಾರೆ ಹುಲ್ಲು ಇಲ್ಲಿ ಬರೂದಿಲ್ಲ. ಇವು ಸೊಳ್ಳಿ ಹಿಡದು ಬದುಕತಾವ, ಸತ್ತು ಇಲ್ಲೇ ಕೊಳಿತಾವ, ಮುಂದಿನ ವರ್ಷದವು ಅಷ್ಟ ಸತ್ವದಾಗ ಹುಟ್ಟತಾವ. ಬಡತನಾನ ಇವಕ್ಕ ಬೇಲಿ."

"ಹಂಗಾರ ನಾ ಬೇಲಿ ಕಿತ್ತೀನಿ." ವಿರೂಪಾಕ್ಷಮ್ಮ ಕೇಳಿದಳು, "ಹಾಕಿದ್ದನ್ನ ಹೊಳ್ಳಿ ತಗಿಯಾಕ ಬರತೈತೇನು?"

"ಹಾಕಿದ್ದು ಭಾಳಷ್ಟು ಈಗ ಹುಲ್ಲಿನಾಗ ಐತಿ. ಹುಲ್ಲು ಇಲ್ಲೇ ಕೊಳಿತಂದ್ರ ಮತ್ತ ಉಸುಕಿಗೆ ಇಳಿತೈತಿ. ಕಿತ್ತು ಹೊರಗ ಒಯ್ಯಬೇಕು. ಬೀಜ ಉಳದಿದ್ರ ಬರತಾವ. ಖಾತ್ರಿ ಹೇಳಾಕ ಆಗೂದಿಲ್ರಿ."

ಅಂದಿನಿಂದ ವಿರೂಪಾಕ್ಷಮ್ಮ ಸಂಜೆಯಾದರೆ ಜೌಗಿನಲ್ಲಿ ಬಗ್ಗಿರುತ್ತಿದ್ದಳು. ಕಿತ್ತ ಹುಲ್ಲನ್ನು ಎಮ್ಮೆ ತಿಂದಿತು, ಎಮ್ಮೆಯ ಸಗಣಿ ತಿಪ್ಪೆ ಸೇರಿ ಬೇಸಿಗೆಯಲ್ಲಿ ಗದ್ದೆಗೆ ಬಿತ್ತು. ದಾರಿ ತಪ್ಪಿದ ಯೂರಿಯಾ ಹಾಗೆ ಸುತ್ತು ಹಾಕಿ ಗದ್ದೆಗೇ ಮರಳಿತು. ಜೌಗಿನಲ್ಲಿ ಮಾತ್ರ ಬೋಳು ಮರಳು ಉಳಿಯಿತು. ಮುಂಗಾರು ಬಿದ್ದು ಬಂಡೆಯ ನೀರು ಅದನ್ನು ಮತ್ತೆ ಮತ್ತೆ ತೊಳೆಯಿತು.

ಆ ಮಳೆಗಾಲ ನಾಹೀದಾ ಅಳುಕುತ್ತಲೇ ಮಕ್ಕಳನ್ನು ಕರೆತಂದಳು. ವಿರೂಪಾಕ್ಷಮ್ಮ ಮುಳ್ಳು ಸರಿಸಿ ದಾರಿ ಬಿಟ್ಟಳು. ನಾಹೀದಾ ಮೊಣಕಾಲೂರಿ ಬಗ್ಗಿದಳು. ಬಂಡೆಯ ಅಂಚಿನಲ್ಲಿ, ಕುಂಕುಮ ಚೆಲ್ಲಿದಂತೆ, ಒಂದಿಷ್ಟು ಗಿಡಗಳು ಎದ್ದಿದ್ದವು. ಒಂದರ ಎಲೆಯಲ್ಲಿ ಸೊಳ್ಳೆ ಅಂಟಿತ್ತು. ಅವಳು ನಗುತ್ತ ತಿರುಗಿದಳು.

"ಏನ ಮಾಡಿದ್ರಿ ದೊಡ್ಡವ್ವ?"

"ಏನೂ ಕೊಟ್ಟಿಲ್ಲವ್ವಾ," ಎಂದಳು ವಿರೂಪಾಕ್ಷಮ್ಮ. ಅವಳ ಕಣ್ಣು ತುಂಬಿತ್ತು. "ದಿನಾ ಬಂದು, ಕೈ ಸೆರಗಿನಾಗ ಕಟ್ಕೊಂಡು ಕುಂತು, ನೋಡಿ ಹೋಗೀನಿ. ಜಲ್ಮದಾಗ ಇಷ್ಟು ಕಷ್ಟದ ಕೆಲಸ ಮಾಡಿದ್ದಿಲ್ಲ."