ಬೆಂಚಿನಲ್ಲಿ ಉಳಿದ ಕೊಳವೆ

ಬೆಂಚು ಒರೆಸುವಾಗ ಹಿತ್ತಾಳೆಯ ಆ ಕೊಳವೆ ನನಗೆ ಸಿಕ್ಕಿದ್ದು ಮಧ್ಯಾಹ್ನ ಹನ್ನೆರಡಕ್ಕೆ. ಉಗುರಿನಷ್ಟು ಉದ್ದ, ಬೆಂಕಿಕಡ್ಡಿಗಿಂತ ಸಣ್ಣ, ಒಂದು ತುದಿಗೆ ಚಪ್ಪಟೆ ತಲೆ. ಬಟ್ಟೆಯ ಮಡಿಕೆಯಲ್ಲಿ ಅಡಗಿ ಕೂತಿತ್ತು. ಅಂಗೈ ಮೇಲಿಟ್ಟುಕೊಂಡು ನಾನು ಮೊದಲು ಮಾಡಿದ ಕೆಲಸವೆಂದರೆ, ಮಾವ ಇತ್ತ ನೋಡುತ್ತಿದ್ದಾರೆಯೇ ಎಂದು ಕಣ್ಣು ಹಾಯಿಸಿದ್ದು. ಅವರು ಬೆನ್ನು ತಿರುಗಿಸಿ ಒಂದು ಚಕ್ರದ ಸೊಟ್ಟ ನೋಡುತ್ತಿದ್ದರು. ಕೊಳವೆಯನ್ನು ಜೇಬಿಗೆ ಹಾಕಿಕೊಂಡೆ.

ಮಾವ ಅಂದರೆ ಅಮ್ಮನ ತಮ್ಮ. ಸೈಕಲ್ ಅಂಗಡಿ ಅವರದೇ. ಡಿಗ್ರಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಸುಮ್ಮನೆ ಕೂತಿದ್ದವನನ್ನು, "ಗೋಡೆ ತಾನೆ ನೋಡೋದು, ನನ್ನ ಅಂಗಡಿ ಗೋಡೆ ನೋಡ್ಲಿ ಬಿಡಕ್ಕ" ಎಂದು ಕರೆದುಕೊಂಡು ಬಂದವರು. ಅವರು ಪಾಠ ಹೇಳುವವರಲ್ಲ. ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕಿನ ಜೊತೆ ಬರುವ ಪುಟ್ಟ ಪ್ಯಾಕೆಟ್ಟನ್ನು ಡಬ್ಬಿಯ ಮುಚ್ಚಳಕ್ಕೆ ಸುರಿದು ನನ್ನ ಮುಂದಿಟ್ಟಿದ್ದರು, ಅಷ್ಟೆ.

"ಇದೇನು, ಅದೇನು ಅಂತ ಕೇಳ್ಬೇಡ. ಒಂದೊಂದನ್ನೇ ತೆಗೆದು ಪಕ್ಕಕ್ಕಿಡು. ಇದಿಲ್ದಿದ್ರೆ ಏನಾಗುತ್ತೆ ಅಂತ ಯೋಚ್ನೆ ಮಾಡು. ಯೋಚ್ನೆ ಮಾಡೋದ್ರಲ್ಲಿ ನೀನು ಎತ್ತಿದ ಕೈ ಅಲ್ವಾ?"

ಹಾಗೆ ಕಲಿತೆ. ಹಳದಿ ಪ್ಲಾಸ್ಟಿಕ್ಕಿನ ಬಿಲ್ಲೆ ಇಲ್ಲದಿದ್ದರೆ, ಚಕ್ರ ಬಿಚ್ಚಿದಾಗ ಯಾರಾದರೂ ಬ್ರೇಕ್ ಹಿಡಿದರೆ ಚಕ್ರವನ್ನು ಹಿಡಿದು ನಿಲ್ಲಿಸುವ ಪ್ಯಾಡುಗಳೆರಡೂ ಒಂದಕ್ಕೊಂದು ಕಚ್ಚಿಕೊಂಡುಬಿಡುತ್ತವೆ. ಪಿನ್ನಿಲ್ಲದಿದ್ದರೆ ಪ್ಯಾಡು ರಸ್ತೆಯಲ್ಲಿ ಉದುರುತ್ತದೆ. ಹಿತ್ತಾಳೆಯ ಉಂಗುರ ಎಣ್ಣೆಯ ಪೈಪನ್ನು ಹೊರಗಿನಿಂದ ಅಮುಕಿ ಹಿಡಿಯುತ್ತದೆ. ಅದಿಲ್ಲದಿದ್ದರೆ ಮೊದಲ ಸಲ ಹಿಡಿದಾಗಲೇ ಎಣ್ಣೆ ಮಡಿಲಿಗೆ ಚಿಮ್ಮುತ್ತದೆ. ಕೊನೆಗೆ ಉಳಿದದ್ದು ಪೈಪಿನ ಬಾಯಿಯೊಳಗೆ ಬಡಿದು ಕೂರಿಸುವ ಈ ಕೊಳವೆ. ಉಂಗುರ ಹೊರಗಿನಿಂದ ಅಮುಕುವಾಗ ಪೈಪು ಒಳಕ್ಕೆ ಕುಸಿಯದಂತೆ ತಡೆಯುವುದು.

"ಇದಿಲ್ದಿದ್ರೆ ಏನಾಗುತ್ತೆ ಮಾವ?" ನನಗೆ ಅದೊಂದು ಹೊಳೆದಿರಲಿಲ್ಲ.

"ಏನೂ ಆಗಲ್ಲ" ಎಂದಿದ್ದರು ಅವರು. "ಅದೇ ಕಷ್ಟ. ಅವತ್ತು ಏನೂ ಆಗಲ್ಲ."

ನಾನು ಒಬ್ಬನೇ ಮಾಡಿದ ಮೊದಲ ಕೆಲಸ ನಿನ್ನೆಯದು. ಅಕ್ಕನ ಸೈಕಲ್ಲು. ಗುಡ್ಡದ ಮೇಲಿನ ಶಾಲೆಯಲ್ಲಿ ಟೀಚರ್ ಅವಳು. ಬೆಳಿಗ್ಗೆ ಅರ್ಧ ದಾರಿ ತಳ್ಳಿಕೊಂಡು ಹತ್ತುತ್ತಾಳೆ, ಸಂಜೆ ನಾಲ್ಕೂವರೆಗೆ ಇಳಿಯುತ್ತಾಳೆ. ಹ್ಯಾಂಡಲ್ ಮುಂದೆ ಜೋತಾಡುತ್ತಿದ್ದ ಪೈಪುಗಳನ್ನು ಕತ್ತರಿಸಿ ಗಿಡ್ಡ ಮಾಡಬೇಕಿತ್ತು. "ಇವನೇ ಮಾಡ್ಲಿ ಮಾವ" ಎಂದು ಅವಳೇ ಹಟ ಹಿಡಿದಳು. ಅಮ್ಮ, "ನಿನ್ನ ಕೈಕಾಲು ಮೇಲೆ ನಿನಗೆ ಆಸೆ ಇಲ್ವೇನೇ?" ಎಂದಾಗ ನಕ್ಕುಬಿಟ್ಟಿದ್ದಳು.

ಎರಡು ಪೈಪು, ಎರಡು ಪ್ಯಾಕೆಟ್ಟು. ಮರದ ತುಂಡುಗಳ ನಡುವೆ ಪೈಪು ಸಿಕ್ಕಿಸಿ ಕೊಳವೆಯನ್ನು ಸುತ್ತಿಗೆಯಿಂದ ಬಡಿದದ್ದು ನನಗೆ ಚೆನ್ನಾಗಿ ನೆನಪಿದೆ. ಟಕ್, ಟಕ್, ಟಕ್. ಆದರೆ ಆ ನೆನಪು ಒಂದೇ ಇತ್ತು. ಎಷ್ಟು ಹಿಂಜಿದರೂ ಅದು ಎರಡಾಗಲಿಲ್ಲ. ನಡುವೆ ಅಕ್ಕ ಬಂದು ಸ್ಟೂಲಿನ ಮೇಲೆ ಕೂತಿದ್ದಳು. ನಾವಿಬ್ಬರೂ ಏನೂ ಮಾತಾಡಲಿಲ್ಲ. ಅವಳು ಹಾಗೆ ಸುಮ್ಮನೆ ಪಕ್ಕದಲ್ಲಿ ಕೂತದ್ದು ನನಗೆ ಎಷ್ಟು ಹಿತವಾಗಿತ್ತೆಂದರೆ, ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ಪ್ಯಾಕೆಟ್ಟಿನಲ್ಲಿ ಒಂದು ಹೆಚ್ಚಿಗೆ ಬಂದಿದ್ದರೆ? ಕಪಾಟಿನಿಂದ ಹೊಸ ಪ್ಯಾಕೆಟ್ಟು ತೆಗೆದು ಬೆಳಕಿಗೆ ಹಿಡಿದೆ. ಒಂದೇ. ಇನ್ನೊಂದು ತೆಗೆದೆ. ಅದರಲ್ಲೂ ಒಂದೇ. ಮೂರನೆಯದನ್ನು ತೆಗೆಯಲಿಲ್ಲ. ಕಸದ ಡಬ್ಬಿ ಬಗ್ಗಿಸಿ ಕೆದಕಿದೆ. ಕತ್ತರಿಸಿದ ಪೈಪಿನ ತುಂಡುಗಳೆರಡೂ ಸಿಕ್ಕವು, ಹಳೆಯ ಕೊಳವೆಗಳು ಅವುಗಳಲ್ಲೇ ಇದ್ದವು. ಹಾಗಾದರೆ ಜೇಬಿನಲ್ಲಿರುವುದು ಹೊಸದು. ಅಕ್ಕನಿಗೆ ಫೋನು ಮಾಡಿದೆ. ಪಾಠದ ಹೊತ್ತಿನಲ್ಲಿ ಅವಳ ಫೋನು ಬೀರುವಿನಲ್ಲಿರುತ್ತದೆ, ಗೊತ್ತಿದ್ದೇ ಮಾಡಿದೆ. ಶಾಲೆಯ ಆಫೀಸಿಗೆ ಮಾಡಬಹುದಿತ್ತು. ಮಾಡಿ ಏನು ಹೇಳುವುದು? ಸುಳ್ಳು ಗಾಬರಿಯಾದರೆ ಅಮ್ಮ ವರ್ಷಗಟ್ಟಲೆ ಆಡಿಕೊಳ್ಳುತ್ತಾಳೆ. ಇನ್ನೊಮ್ಮೆ ನೆನಪು ಮಾಡಿಕೊಳ್ಳೋಣ, ಖಚಿತವಾದ ಮೇಲೆ ಹೇಳೋಣ ಎಂದುಕೊಂಡೆ. ಗಂಟೆ ಒಂದಾಯಿತು, ಎರಡಾಯಿತು. ಕೂತೆ, ಎದ್ದೆ, ಬಾಗಿಲಿಗೆ ಹೋಗಿ ಬಂದೆ. ಕೈ ಮಾತ್ರ ಜೇಬು ಬಿಟ್ಟು ಬರಲಿಲ್ಲ.

"ಏನು ಪದವೀಧರರು ಅಂಗಡಿ ಅಳತೆ ತಗೊತಿದೀರಿ?" ಎಂದರು ಮಾವ ಚಹಾದ ಹೊತ್ತಿಗೆ.

"ಏನಿಲ್ಲ ಮಾವ."

ಅವರು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಆಗಲೇ ಹೇಳಿಬಿಡುತ್ತಿದ್ದೆನೇನೋ.

ಗೋಡೆಯ ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷವಿದೆ ಎಂದು ತೋರಿಸಿದಾಗ ಕೂತಲ್ಲಿಂದ ಎದ್ದೆ. ಮಾವನ ಮುಂದೆ ಹೋಗಿ ಅಂಗೈ ಬಿಡಿಸಿದೆ. ಬೆವರಿಗೆ ಹಿತ್ತಾಳೆ ಕಪ್ಪಾಗಿತ್ತು.

ಮಾವ ಅದನ್ನು ನೋಡಿದರು, ನನ್ನ ಮುಖ ನೋಡಿದರು. "ಅವಳದ್ದಾ?"

"ಇರಬಹುದು. ಬಿಚ್ಚದೆ ಗೊತ್ತು ಮಾಡ್ಕೊಳ್ಳೋಕೆ ಆಗುತ್ತಾ?"

"ಆಗಲ್ಲ." ಅವರಾಗಲೇ ಶಾಲೆಯ ಆಫೀಸಿಗೆ ಫೋನು ಹಚ್ಚಿದ್ದರು. "ಹಲೋ, ಟೀಚರಮ್ಮನಿಗೆ ಹೇಳಿ, ಸೈಕಲ್ ಮುಟ್ಟಬಾರದು ಅಂತ. ಯಾರಂದ್ರೆ? ಅವಳ ಮಾವ. ಮುಟ್ಟಿದ್ರೆ ಕಾಲು ಮುರೀತೀನಿ ಅಂದ್ರು ಅಂತ ಹಾಗೇ ಹೇಳಿ." ಫೋನಿಟ್ಟು, ಸ್ಪ್ಯಾನರನ್ನು ನನ್ನ ಕೈಗೆ ತುರುಕಿದರು. "ಹೋಗು. ನೀನೇ ಬಿಚ್ಚಿ ನೋಡು."

ಗುಡ್ಡದ ರಸ್ತೆಯನ್ನು ನಾನು ನಡೆದು ಹತ್ತಿದ್ದೋ ಓಡಿ ಹತ್ತಿದ್ದೋ ತಿಳಿಯದು. ಎರಡು ತಿರುವು. ಎರಡನೆಯದರಲ್ಲಿ ತಡೆಗೋಡೆ ಮೊಣಕಾಲಿನಷ್ಟೇ ಎತ್ತರ. ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ.

ಅಕ್ಕ ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದಳು. ಸೈಕಲ್ಲು ಕಂಬಕ್ಕೆ ಒರಗಿತ್ತು.

"ಬಂದ್ರಾ ಡಾಕ್ಟ್ರು? ಇಡೀ ಸ್ಟಾಫ್ ರೂಮಿಗೆ ಗೊತ್ತಾಯ್ತು, ನನ್ನ ಕಾಲು ಮುರೀತಾರಂತೆ."

ನಗಲು ನನಗೆ ಆಗಲಿಲ್ಲ. ಹಿಂದಿನ ಬ್ರೇಕಿನ ಪೈಪನ್ನು ಮೊದಲು ಬಿಚ್ಚಿದೆ. ಎಣ್ಣೆ ತೊಟ್ಟಿಕ್ಕಿತು. ಪೈಪಿನ ಬಾಯಲ್ಲಿ ಕೊಳವೆಯ ಚಪ್ಪಟೆ ತಲೆ ಹೊಳೆಯುತ್ತಿತ್ತು.

"ಇದೆ" ಎಂದೆ.

"ಸರಿ ಇದ್ದದ್ದನ್ನೂ ಕೆಡಿಸಿದೆ, ಭೇಷ್" ಎಂದಳು ಅಕ್ಕ. ಅವಳ ದನಿಯಲ್ಲಿ ಇನ್ನೂ ತಮಾಷೆಯಿತ್ತು.

ಮುಂದಿನದನ್ನು ಬಿಚ್ಚಿದೆ. ಪೈಪು ಸಲೀಸಾಗಿ ಆಚೆ ಬಂತು. ಉಂಗುರ ಅಮುಕಿದ ಜಾಗದಲ್ಲಿ ಅದರ ಬಾಯಿ ಸೊರಗಿ ಒಳಕ್ಕೆ ಕುಸಿದಿತ್ತು. ಒಳಗೆ ಏನೂ ಇರಲಿಲ್ಲ. ಜೇಬಿನಿಂದ ಕೊಳವೆ ತೆಗೆದು ಅದರ ಪಕ್ಕ ಹಿಡಿದೆ. ಅಕ್ಕ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಯಾವಾಗ ಸಿಕ್ತು ಇದು?"

"ಹನ್ನೆರಡಕ್ಕೆ."

ಮೈದಾನದಲ್ಲಿ ಯಾರೋ ಗೇಟಿನ ಚಿಲಕ ಹಾಕಿದ ಸದ್ದಾಯಿತು. ನನಗೆ ಮೌನವೆಂದರೆ ಯಾವಾಗಲೂ ಇಷ್ಟ. ಅವಳ ಈ ಮೌನವನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

"ಒಂದು ಗಂಟೆಗೆ ಗುಡ್ಡ ಇಳಿದು ಅಂಚೆ ಕಚೇರಿಗೆ ಹೋಗಿಬರೋಣ ಅಂತ ಹೊರಟಿದ್ದೆ ಕಣೋ" ಎಂದಳು ಕೊನೆಗೆ. "ಸೈಕಲ್ ಹತ್ತಿ ಕೂತೂ ಆಗಿತ್ತು. ಹೆಡ್‌ಮಾಸ್ಟರು ಕರೆದ್ರು ಅಂತ ಇಳಿದೆ."

ನಾನು ಕೊಳವೆಯನ್ನು ಮುಷ್ಟಿಯಲ್ಲಿ ಬಿಗಿದೆ. ಅದರ ತುದಿ ಅಂಗೈಗೆ ಚುಚ್ಚಿತು.

"ಖಚಿತ ಆಗ್ಲಿ ಅಂತ ಕಾಯ್ತಿದ್ದೆ ಅಕ್ಕ."

"ಆಯ್ತಲ್ಲ, ಈಗ" ಎಂದಳು.

ಬ್ರೇಕಿಲ್ಲದ ಸೈಕಲ್ಲನ್ನು ಇಬ್ಬರೂ ಇಳಿಸಿಕೊಂಡು ಹೊರಟೆವು. ಹ್ಯಾಂಡಲ್ ಅವಳ ಕೈಲಿ, ಹಿಂದಿನ ಸೀಟು ನನ್ನ ಕೈಲಿ. ತಗ್ಗಿನಲ್ಲಿ ಅದು ಜಗ್ಗುತ್ತಲೇ ಇತ್ತು. ಮೊದಲ ತಿರುವು ದಾಟುವಾಗ ಅಕ್ಕ ಹಿಂದೆ ನೋಡದೆ, "ಬಿಡಬೇಡ" ಎಂದಳು.

"ಇಲ್ಲ" ಎಂದೆ. ಸ್ವಲ್ಪ ದೂರ ಹೋದ ಮೇಲೆ, ಅವಳು ಕೇಳದಿದ್ದರೂ, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ: "ಹಿಡ್ಕೊಂಡಿದೀನಿ ಅಕ್ಕ."