ದರ್ಜಿಯ ಪ್ಯಾಂಟಿನ ಗುಂಡಿ

ಆ ಬೀದಿ ಹಿಂದೆಂದೂ ಕಂಡಿರದ ಘನಗಂಭೀರ ಸಂಗತಿಯೊಂದು ಮಂಗಳವಾರ ಮಧ್ಯಾಹ್ನ ನಡೆಯಿತು: ದರ್ಜಿಯ ಪ್ಯಾಂಟಿನ ಗುಂಡಿ ಕಿತ್ತು ಹಾರಿ, ಹೊಲಿಗೆ ಯಂತ್ರದ ಕೆಳಗೆ ಉರುಳಿತು. ಊರಿನವರ ಗುಂಡಿಗೆಲ್ಲ ಭದ್ರತೆ ಕೊಡುವವನಿಗೇ ಹೀಗಾದರೆ ಉಳಿದವರು ಯಾರನ್ನು ನಂಬಬೇಕು?

‘ನಡಿಗೆ ಟೀಚರ್’ ಅಂಗಡಿಯ ಮೆಟ್ಟಿಲು ಹತ್ತಿದಾಗ ದರ್ಜಿ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ನೆಲ ತಡವುತ್ತಿದ್ದ. ಆರೋಗ್ಯ ಕೇಂದ್ರದಿಂದ ಮನೆಮನೆಗೆ ಬಂದು ಊಟ, ನಡಿಗೆ, ನಿದ್ದೆಯ ಪಾಠ ಹೇಳುವ ಆಕೆಗೆ ಈ ಹೆಸರು ಇಟ್ಟವರು ಬೀದಿಯವರೇ. ಆಕೆಗೆ ಅಂದು ಅದು ಹನ್ನೊಂದನೆಯ ಬಾಗಿಲು. ಹಿಂದಿನ ಹತ್ತರಲ್ಲಿ ಆರು ಕಡೆ “ನಾಳೆಯಿಂದ ಶುರು ಮಾಡ್ತೀವಿ” ಎಂದಿದ್ದರು. ಆ ನಾಳೆಗಾಗಿ ಆಕೆ ಎರಡು ವರ್ಷದಿಂದ ಕಾಯುತ್ತಿದ್ದಳು. ತೂಕದ ಯಂತ್ರದ ಚೀಲ ಇಳಿಸಿ, ಯಾರೂ ಹೇಳದೆಯೇ ಸ್ಟೂಲಿನ ಮೇಲೆ ಕೂತಳು.

“ಬಂದ್ರಾ ತಾಯಿ, ನಡೀರಿ ನಡೀರಿ ಅನ್ನೋಕೆ?” ದರ್ಜಿ ಬಗ್ಗಿದಲ್ಲಿಂದಲೇ ಕೇಳಿದ.

“ಇವತ್ತು ಕೂತ್ಕೋತೀನಿ ಅಣ್ಣ. ಕಾಲು ಮಾತು ಕೇಳ್ತಿಲ್ಲ.”

“ನೋಡಿ, ನಡೆದವರ ಗತಿ! ನಾನು ದಿನಕ್ಕೆ ಹತ್ತು ಗಂಟೆ ಕೂತೇ ಇರ್ತೀನಿ, ಏಳು ಟೀ ಕುಡೀತೀನಿ, ಒಂದೊಂದಕ್ಕೆ ಮೂರು ಚಮಚ ಸಕ್ಕರೆ. ಆರು ವರ್ಷದ ಹಿಂದೆ ಹೊಲಿದ ಪ್ಯಾಂಟು ಇವತ್ತಿಗೂ ಸರಿಹೋಗ್ತದೆ. ಹೊಟ್ಟೆ ಬಂದಿದ್ರೆ ಪ್ಯಾಂಟು ಹೇಳ್ತಿರಲಿಲ್ವಾ?”

“ಈಗ ಹೇಳ್ತಲ್ಲ.”

“ಅದು ದಾರದ ತಪ್ಪು.”

ಟೀಚರಿಗೆ ವಾದಿಸುವ ಶಕ್ತಿ ಇರಲಿಲ್ಲ. ಆಕೆಯ ಕಣ್ಣು ದರ್ಜಿಯ ಎಡಗಾಲಿಗೆ ಸುತ್ತಿದ್ದ ಬಟ್ಟೆಯ ಮೇಲೆ ನಿಂತಿತು. “ಅದೇನಾಯ್ತು?”

“ಕತ್ತರಿ ಬಿತ್ತು. ನೋವೇ ಇಲ್ಲ ಬಿಡಿ.”

“ಅದೇ ನನ್ನ ಭಯ ಟೀಚರ್,” ಪರದೆಯಾಚೆ ಗುಂಡಿ ತೂತಿಗೆ ಕಾಜಾ ಹೊಲಿಯುತ್ತಿದ್ದ ಹೆಂಡತಿ ಎದ್ದು ಬಂದಳು. “ರಕ್ತ ಸೋರ್ತಿದ್ರೂ ಇವರಿಗೆ ಗೊತ್ತಾಗ್ಲಿಲ್ಲ. ನಾನು ನೆಲ ಒರೆಸೋವಾಗ ನೋಡ್ದೆ. ಪೆಡಲ್ ತುಳಿಯೋ ಕಾಲು ಅದು. ಅದು ಹೋದ್ರೆ ಈ ಅಂಗಡಿ ಹೋದಂಗೆ.”

“ಲೇ, ಸುಮ್ನಿರು.”

“ಆರು ವರ್ಷ ಸುಮ್ನಿದ್ದೆ ರೀ. ಇನ್ನು ಆಗಲ್ಲ. ಪ್ಯಾಂಟಲ್ಲಿ ಸಡಿಲ ಬಿಡೋಕೆ ಬಟ್ಟೆನೇ ಉಳಿದಿಲ್ಲ.”

ದರ್ಜಿ ಪರದೆಯ ಹಿಂದೆ ಹೋಗಿ, ಟವೆಲು ಸುತ್ತಿಕೊಂಡು, ಪ್ಯಾಂಟನ್ನು ಕೈಯಲ್ಲಿ ಹಿಡಿದು ಬಂದ. ಒಳಮಗ್ಗುಲು ತಿರುಗಿಸಿ ದೀಪದ ಕೆಳಗೆ ಹಿಡಿದ. ಹಿಂಬದಿಯ ಹೊಲಿಗೆಯ ಪಕ್ಕದಲ್ಲಿ ಸೂಜಿ ತೂತಿನ ಸಾಲುಗಳು ಕಂಡವು. ಹೊಲಿಗೆ ಬಿಚ್ಚಿ ಅರ್ಧರ್ಧ ಇಂಚು ಸಡಿಲಿಸಿ, ಮತ್ತೆ ಹೊಲಿದ ಗುರುತು. ಒಂದು, ಎರಡು, ಮೂರು... ಐದು. ಬೀದಿಯ ಎಲ್ಲರ ಸೊಂಟವನ್ನೂ ಕಣ್ಣಳತೆಯಲ್ಲೇ ಹೇಳುವವನು ತನ್ನ ಸೊಂಟದ ಲೆಕ್ಕದಲ್ಲಿ ತಪ್ಪಿದ್ದ. ಆ ಹೊಲಿಗೆಯೆಲ್ಲ ಯಾರ ಕೈಯದೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

“ಯಾಕೆ ಮಾಡ್ದೆ?”

“ಒಂದ್ಸಲ ಬಿಗಿಯಾದಾಗ ಎರಡು ದಿನ ಮುಖ ಊದಿಸ್ಕೊಂಡಿದ್ರಿ. ನನಗೂ ಸಾಕಾಗಿತ್ತು. ಸಂತೋಷವಾಗಿರ್ಲಿ ಅಂತ ಬಿಚ್ಚಿದೆ. ಆಮೇಲೆ ನಿಲ್ಲಿಸೋಕಾಗ್ಲಿಲ್ಲ.”

ದರ್ಜಿ ಸ್ವಲ್ಪ ಹೊತ್ತು ತೂತುಗಳನ್ನೇ ಸವರಿದ. ಕೊನೆಗೆ ಸಣ್ಣ ದನಿಯಲ್ಲಿ ಕೇಳಿದ: “ಟೀಚರ್, ಕಾಲು ಹೋಗ್ತದಾ?”

“ಸಕ್ಕರೆ ಕಾಯಿಲೆ ಇದ್ರೆ ಕಾಲು ಮರಗಟ್ಟೋದುಂಟು, ಗಾಯ ಗೊತ್ತಾಗದೇ ಹೋಗೋದುಂಟು. ಇದೆಯೋ ಇಲ್ವೋ ಹೇಳೋದು ರಕ್ತ ಪರೀಕ್ಷೆ, ನಾನಲ್ಲ. ಗಾಯಾನೂ ಇವತ್ತೇ ಡಾಕ್ಟರಿಗೆ ತೋರಿಸ್ಬೇಕು.”

“ನಾಳೆ...”

“ಆ ಪದ ಇವತ್ತು ಆರು ಸಲ ಕೇಳಿದೀನಿ ಅಣ್ಣ.”

ದರ್ಜಿಗೆ ನಗು ಬಂತು. ಟವೆಲನ್ನು ಬಿಗಿ ಮಾಡಿಕೊಂಡು, “ಆಯ್ತು, ಇವತ್ತೇ. ಆದ್ರೆ ಟೀ ಪೂರ್ತಿ ಬಿಡು ಅನ್ನಬೇಡಿ,” ಎಂದ.

“ಏಳನ್ನ ಎರಡು ಮಾಡಿ. ಸಕ್ಕರೆ ಬೇಡ. ಒಂದು ಬಟ್ಟೆ ಮುಗಿದ ಕೂಡಲೇ ಎದ್ದು ನಿಲ್ಲಿ. ಗಾಯ ವಾಸಿಯಾಗಿ ಡಾಕ್ಟರು ಹೂಂ ಅಂದ ಮೇಲೆ, ಊಟ ಮುಗಿಸಿ ಬೀದಿ ಕೊನೆವರೆಗೆ ನಡೀರಿ. ದಿನಾ ಪಾದ ನೋಡ್ಕೊಳ್ಳಿ.”

“ಪಾದ ನಾನು ನೋಡ್ತೀನಿ,” ಎಂದಳು ಹೆಂಡತಿ. “ಬಿಚ್ಚೋ ಕೆಲಸ ಇನ್ನಿಲ್ವಲ್ಲ, ಪುರುಸೊತ್ತಿದೆ.” ಹೊರಡುವ ಮುಂಚೆ ಅವಳು ಆ ಪ್ಯಾಂಟಿಗೆ ಗುಂಡಿ ಹಾಕಲಿಲ್ಲ, ದೊಡ್ಡದೊಂದು ಪಿನ್ನು ಚುಚ್ಚಿದಳು. ಮೂವರೂ ನಿಧಾನವಾಗಿ ಆರೋಗ್ಯ ಕೇಂದ್ರಕ್ಕೆ ಹೊರಟರು. ದರ್ಜಿಯನ್ನು ಆಟೋದಲ್ಲಿ ಕೂರಿಸಲಾಯಿತು. ಟೀಚರ್ ಕೂಡ ಹತ್ತಿದಳು, ಆ ದಿನ ಮೊದಲ ಬಾರಿಗೆ.

ಇದನ್ನು ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಪ್ರೀತಿಯಿಂದ ಹೊಲಿಗೆ ಬಿಚ್ಚಿ ಕೊಡುವವರು ಇರಬಹುದು, ಬಿಚ್ಚಿಸಿಕೊಂಡು ಸುಖವಾಗಿರುವವರೂ ಇರಬಹುದು. ಒಮ್ಮೆ ಸೊಂಟದ ಅಳತೆ ತೆಗೆಯಿರಿ. ರಕ್ತ ಪರೀಕ್ಷೆ ಮಾಡಿಸಿ. ಕಾಲು ಜೋಮು ಹಿಡಿದರೆ, ಗಾಯ ನೋಯದಿದ್ದರೆ ಅದನ್ನು ಅದೃಷ್ಟ ಎಂದುಕೊಳ್ಳದೆ ಡಾಕ್ಟರಿಗೆ ತೋರಿಸಿ. ಬಾಗಿಲಿಗೆ ಬಂದ ಆರೋಗ್ಯ ಕೇಂದ್ರದವರಿಗೆ “ನಾಳೆ” ಅನ್ನಬೇಡಿ. ಮೊದಲು ಕೂರಲು ಸ್ಟೂಲು ಕೊಡಿ.

ದರ್ಜಿಗೆ ಸಕ್ಕರೆ ಕಾಯಿಲೆ ಇರುವುದು ಪರೀಕ್ಷೆಯಲ್ಲಿ ಗೊತ್ತಾಯಿತು. ಮಾತ್ರೆ ನಡೆಯುತ್ತಿದೆ, ಗಾಯ ಮಾಗಿದೆ. ನಾಲ್ಕು ತಿಂಗಳಲ್ಲಿ ಸೊಂಟ ಒಂದು ಇಂಚು ಇಳಿದಿದೆ. ಜೋಮು ಪೂರ್ತಿ ಹೋಗಿಲ್ಲ. ಅಂಗಡಿ ತೆರೆದಿದೆ.