ಅರ್ಧ ತಟ್ಟೆಯ ಸಂಯಮ

ಗಂಡನ ಪ್ಯಾಂಟಿನ ಸೊಂಟಪಟ್ಟಿಯ ಹೊಲಿಗೆ ಅರ್ಧ ಬಿಚ್ಚಿತ್ತು. ತುಟಿಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡು ಅವಳು ಬಟ್ಟೆಯನ್ನು ಒಳಕ್ಕೆ ಮಡಿಸಿದಳು. ಇದೇ ಪ್ಯಾಂಟನ್ನು ಹೋದ ತಿಂಗಳಷ್ಟೇ ಬಿಗಿ ಮಾಡಿದ್ದಳು. ಪಕ್ಕದಲ್ಲಿ ಅವಳದೇ ಉಡುಪು ಸಡಿಲಾಗಲು ಕಾಯುತ್ತಿತ್ತು. ಬೀದಿಯವರ ಅಳತೆಯನ್ನೆಲ್ಲ ಹಿಡಿಯುವ ದರ್ಜಿ ಹೆಂಗಸಿಗೆ, ಗಂಡನ ಸೊಂಟದಿಂದ ಹೋದದ್ದು ಎಲ್ಲಿಗೆ ಬಂದು ಸೇರಿತೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ನಡುಮನೆಯಲ್ಲಿ ಗಂಡನ ಪ್ರವಚನ ಸಾಗಿತ್ತು. ರಕ್ತದಲ್ಲಿ ಸಕ್ಕರೆ ಏರಿದೆ ಎಂದು ಡಾಕ್ಟರು ಹೆದರಿಸಿದ ಮೇಲೆ ವಿಮಾ ಕಚೇರಿಯ ಈ ಹೆಡ್ ಕ್ಲಾರ್ಕ್ ಮಹಾಶಯ ಹೊಟ್ಟೆ ಕರಗಿಸಿ ನಾಲಿಗೆ ಬೆಳೆಸಿಕೊಂಡಿದ್ದ. ಇವತ್ತು ಅವನ ಕೈಗೆ ಸಿಕ್ಕವರು ಎದುರುಮನೆಯ ಮೇಷ್ಟ್ರು.

"ಕಡಿಮೆ ಬಡಿಸ್ಕೊಂಡು ಕಡಿಮೆ ತಿನ್ನೋದು ಯಾರಿಗೆ ಬರಲ್ಲ ಹೇಳಿ? ತಟ್ಟೆ ತುಂಬ ಇರ್ಬೇಕು. ಅರ್ಧ ಪಕ್ಕಕ್ಕೆ ತಳ್ಬೇಕು. ಸಂಯಮ ಅಂದ್ರೆ ಅದು!"

ಮೇಷ್ಟ್ರು ತಲೆದೂಗಿದರು. ತಳ್ಳಿದ ಅರ್ಧ ಎಲ್ಲಿಗೆ ಹೋಗುತ್ತದೆಂದು ಕೇಳುವಷ್ಟು ಬುದ್ಧಿ ಆ ತಲೆಗೂ ಇರಲಿಲ್ಲ.

ಹೋಗುವುದಾದರೂ ಎಲ್ಲಿಗೆ? "ನನ್ನ ಮಗನ ತಟ್ಟೇದು ಕಸದ ಬುಟ್ಟಿಗಾ?" ಎಂದು ಅತ್ತೆ ಮೊದಲ ದಿನವೇ ಕಣ್ಣು ಕೆಕ್ಕರಿಸಿದ್ದರು. ಅವತ್ತಿನಿಂದ ಎಲ್ಲರ ಊಟ ಮುಗಿದ ಮೇಲೆ, ತರಕಾರಿ ಪಾತ್ರೆ ಬರಿದಾದ ಮೇಲೆ, ಸಿಂಕಿನ ಪಕ್ಕ ನಿಂತು ಆ ತಣ್ಣಗಿನ ಅನ್ನವನ್ನು ಅವಳು ಗಂಟಲಿಗಿಳಿಸುತ್ತಿದ್ದಳು. ಅವನ ಸಂಯಮವೆಲ್ಲ ಅವಳ ಹೊಟ್ಟೆಯಲ್ಲಿ ಜಮೆಯಾಗುತ್ತಿತ್ತು.

ಹೋದ ವಾರ ಕ್ಲಿನಿಕ್ಕಿನ ನರ್ಸ್ ಬಿಡಿಸಿ ಹೇಳಿದ್ದಳು. "ಅಕ್ಕಾ, ಯಜಮಾನ್ರಿಗೆ ಆಗ ಇದ್ದಷ್ಟೇ ಸಕ್ಕರೆ ಈಗ ನಿಮಗಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ತರಕಾರಿ, ಬೇಳೆ ಜಾಸ್ತಿ, ಅನ್ನ ಕಮ್ಮಿ. ಉಂಡ ಮೇಲೆ ಸ್ವಲ್ಪ ನಡೀರಿ. ಈಗಲೇ ಎಚ್ಚೆತ್ತುಕೊಂಡ್ರೆ ಮಾತ್ರೆ ಬೇಕಾಗದೇನೂ ಇರಬಹುದು."

ಅವಳ ತಾಯಿಯ ಕಣ್ಣನ್ನು ಸಕ್ಕರೆಯೇ ತಿಂದಿತ್ತು. ಸೂಜಿಗೆ ದಾರ ಪೋಣಿಸುವಾಗೆಲ್ಲ ಅವಳಿಗೆ ಅದೇ ನೆನಪು. ಗಂಡನಿಗೆ ಹೇಳಿದರೆ, "ನನ್ನ ನೋಡಿ ಕಲಿ" ಎಂದು ವಾಚಿನಲ್ಲಿ ತನ್ನ ಹೆಜ್ಜೆ ಎಣಿಸತೊಡಗಿದ್ದ.

"ಮನೆಯವರದೂ ಇದೇ ಪಥ್ಯಾನಾ?" ಮೇಷ್ಟ್ರು ಕೇಳುತ್ತಿದ್ದರು.

"ಅವಳಾ? ಬಾಯಿ ಕಟ್ಟೋಕೆ ಎಲ್ಲಿ ಬರುತ್ತೆ ಸ್ವಾಮಿ! ನಾನು ಬಿಟ್ಟಿದ್ದನ್ನೂ ಬಿಡಲ್ಲ!"

ಮೇಷ್ಟ್ರು ನಕ್ಕರು. ಅತ್ತೆಯೂ ಸೆರಗು ಬಾಯಿಗೆ ಹಿಡಿದು ಕಿಸಕ್ಕೆಂದರು.

ಅವಳು ತುಟಿಯಿಂದ ಸೂಜಿಗಳನ್ನು ತೆಗೆದು ಮೆತ್ತೆಗೆ ಚುಚ್ಚಿ, ಎದ್ದು ಹೋಗಿ ಗಂಡನಿಗೆ ತಟ್ಟೆ ತುಂಬ ಬಡಿಸಿದಳು. ಗಂಡ ಅರ್ಧ ಉಂಡು, ಮೇಷ್ಟ್ರು ನೋಡುತ್ತಿದ್ದಾರೆಂದು ಖಾತ್ರಿ ಮಾಡಿಕೊಂಡು, ರಾಜ್ಯ ತ್ಯಾಗ ಮಾಡುವವನ ಗತ್ತಿನಲ್ಲಿ ಅನ್ನವನ್ನು ಅಂಚಿಗೆ ತಳ್ಳಿದ. ಆಮೇಲೆ ಟೀಪಾಯಿಗೆ ಸುತ್ತು ಹಾಕತೊಡಗಿದ. ಗಾಣದ ಎತ್ತಿಗಾದರೂ ಒಂದಿಷ್ಟು ಎಣ್ಣೆ ತೆಗೆದ ಪುಣ್ಯವಿರುತ್ತದೆ. ಇವನು ತಿರುಗಿದ್ದಕ್ಕೆ ವಾಚು ಮಾತ್ರ ಕೀಚುಗುಟ್ಟಿತು.

ತಟ್ಟೆ ಹಿಡಿದು ಅವಳು ಅಡುಗೆಮನೆಗೆ ಬಂದಳು. ಕೈ ಅನ್ನದವರೆಗೆ ಹೋಗಿ ನಿಂತಿತು. ಎರಡು ಮೊಟ್ಟೆ ಬೇಯಿಸಿ, ಸೌತೆಕಾಯಿ ಹೆಚ್ಚಿ, ಸ್ಟೂಲು ಎಳೆದುಕೊಂಡು ಕೂತು ಬಿಸಿಬಿಸಿಯಾಗಿ ತಿಂದಳು. ಕೂತು ಉಂಡು ಎಷ್ಟು ಕಾಲವಾಗಿತ್ತೋ.

"ಎಲ್ಲ ಖಾಲಿ ಆಯ್ತೇನೇ? ಏನೂ ಎಸೀಬೇಡ!" ಅತ್ತೆ ಕೂಗಿದರು.

"ಎಸೆಯಲ್ಲ ಅತ್ತೆ."

ಆ ಅರ್ಧ ತಟ್ಟೆಯನ್ನು ಹಾಗೆಯೇ ಮುಚ್ಚಿ ಫ್ರಿಜ್ಜಿನಲ್ಲಿಟ್ಟಳು. ನಾಳೆ ಅವನಿಗೆ ಹೊಸ ಅನ್ನವಿಲ್ಲ; ಇದೇ ತಟ್ಟೆ. ತಳ್ಳಿದರೆ ನಾಡಿದ್ದೂ ಇದರದೇ ಉಳಿಕೆ. ಅವನು ತಟ್ಟೆಯ ಮುಂದೆ ಕೂರುವ ಹೊತ್ತಿಗೆ ಅವಳು ಉಂಡು ಬೀದಿಯ ಆ ತುದಿಯವರೆಗೆ ನಡೆದಿರುತ್ತಾಳೆ.

"ಏನೇ ಅದು, ಒಬ್ಬಳೇ ನಗ್ತಿದೀಯ?" ಗಂಡ ಬಾಗಿಲಲ್ಲಿ ಸುತ್ತು ನಿಲ್ಲಿಸಿ ಕೇಳಿದ.

"ಏನಿಲ್ಲ ರೀ," ಎಂದಳು.